ಹ್ಯಾಂಬರ್ಗ್‌ನಿಂದ ವೈಟ್‌ಫೀಲ್ಡ್‌ಗೆ: ನಮ್ಮ ಮನೆ ಸಾಮಾನು ಕಸ್ಟಮ್ಸ್ ದಾಟಿದ ಬಗೆ

ವಿದೇಶದಲ್ಲಿ ಕೆಲವು ವರ್ಷ ಇದ್ದು ಊರಿಗೆ ವಾಪಸ್ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ. "ಕಸ್ಟಮ್ಸ್‌ನವರು ಎಷ್ಟು ಕೀಳ್ತಾರೆ?" ನನ್ನನ್ನೂ ಬಹಳ ಜನ ಹೀಗೆ ಕೇಳಿದ್ದಾರೆ. 2024ರಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟ್ ಬಿಟ್ಟು ಬೆಂಗಳೂರಿಗೆ ಬಂದೆವು. ಮನೆ ಸಾಮಾನು ಸಮುದ್ರದ ಮೂಲಕ ಬಂತು. ನಾವು ಕಟ್ಟಿದ ಸುಂಕ ಒಟ್ಟು 4,125 ರೂಪಾಯಿ. ಅದೂ ಒಂದೇ ಒಂದು ವಸ್ತುವಿಗೆ. ಇದನ್ನು ಹೇಳಿದರೆ ಜನ ನಂಬೋದಿಲ್ಲ. "ಯಾರಾದರೂ ಗೊತ್ತಿದ್ರಾ?" ಅಂತ ಕೇಳುತ್ತಾರೆ. ಯಾರೂ ಗೊತ್ತಿರಲಿಲ್ಲ. ನಮ್ಮ ಹತ್ತಿರ ಒಂದು ಒಳ್ಳೆಯ ಪಟ್ಟಿ ಇತ್ತು, ಅಷ್ಟೇ. ಆ ಪಟ್ಟಿ ಹೇಗೆ ಮಾಡಿದೆವು, ಅದು ಎಲ್ಲೆಲ್ಲಿ ಕೈ ಹಿಡಿಯಿತು ಅನ್ನುವುದನ್ನು ವಾಪಸ್ ಬರುವ ಯೋಚನೆಯಲ್ಲಿರುವವರಿಗೆ ವಿವರವಾಗಿ ಹೇಳಬೇಕು ಅನ್ನಿಸಿದೆ.

ಮೊದಲು ಏನು ತರಬೇಕು ಅನ್ನುವ ಲೆಕ್ಕ. ಅಮೆರಿಕದಿಂದ ಬರುವವರಿಗೆ ವಿದ್ಯುತ್ ಉಪಕರಣ ತರುವುದು ಕಷ್ಟ, ಅಲ್ಲಿಯದು 120 ವೋಲ್ಟ್. ಜರ್ಮನಿಯಲ್ಲಿ ನಮ್ಮ ಹಾಗೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕು. ಹಾಗಾಗಿ ವಾಷಿಂಗ್ ಮಷೀನ್, ಡಿಶ್‌ವಾಷರ್, ಹೊಲಿಗೆ ಯಂತ್ರ ಮೂರನ್ನೂ ತರುವುದು ಅಂತ ಆಯಿತು. ಜೊತೆಗೆ ಬೀಚ್ ಮರದ ಊಟದ ಮೇಜು, ಎರಕದ ಕಬ್ಬಿಣದ ಪಾತ್ರೆಗಳು, ಮಗಳ ಸೈಕಲ್, ಆಟದ ಸಾಮಾನು, ಪುಸ್ತಕಗಳು. ಬೀರು ಮತ್ತು ಹಾಸಿಗೆ ತರಲಿಲ್ಲ. ಒತ್ತು ಹಲಗೆಯ ಬೀರು ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಅದರ ತಿರುಪು ಹಿಡಿಯೋದಿಲ್ಲ. ಹಾಸಿಗೆ ಸುಮ್ನೆ ಜಾಗ ತಿನ್ನುತ್ತೆ. ಹಡಗಿನ ಬಾಡಿಗೆ ಜಾಗದ ಮೇಲೆ, ಘನ ಮೀಟರ್ ಲೆಕ್ಕದಲ್ಲಿ. 20 ಅಡಿಯ ಕಂಟೇನರ್‌ನಲ್ಲಿ ಸುಮಾರು 33 ಘನ ಮೀಟರ್ ಜಾಗ ಇರುತ್ತೆ. ನಮಗೆ ಅಷ್ಟು ಬೇಕಿರಲಿಲ್ಲ. ಬೇರೆಯವರ ಸರಕಿನ ಜೊತೆ ಕಂಟೇನರ್ ಹಂಚಿಕೊಂಡೆವು. ಭಾರವಾದ ಪುಸ್ತಕಕ್ಕೂ ಹಗುರವಾದ ದಿಂಬಿಗೂ ಅಲ್ಲಿ ಹೆಚ್ಚು ಕಡಿಮೆ ಒಂದೇ ಬೆಲೆ. ಹಾಗಾಗಿ ಪುಸ್ತಕ ಬಂದವು, ದಿಂಬು ಅಲ್ಲೇ ಉಳಿದವು.

ಟಿವಿ ತರಲಿಲ್ಲ. ಪ್ರಯಾಣಿಕರ ಸಾಮಾನಿಗೆ ಎಷ್ಟು ಸುಂಕ ಅಂತ ಹೇಳುವ ಬ್ಯಾಗೇಜ್ ನಿಯಮದಲ್ಲಿ ಆಗ ಚಪ್ಪಟೆ ಟಿವಿಗೆ ವಿನಾಯಿತಿಯೇ ಇರಲಿಲ್ಲ. ಅಲ್ಲೇ ಮಾರಿದೆವು. ಗಂಡನ ಹತ್ತಿರ ಒಂದು ಸಣ್ಣ ಡ್ರೋನ್ ಇತ್ತು. 2022ರ ಫೆಬ್ರವರಿಯಿಂದ ಭಾರತಕ್ಕೆ ವಿದೇಶಿ ಡ್ರೋನ್ ತರುವುದಕ್ಕೇ ನಿಷೇಧ ಇದೆ. ಅದನ್ನು ಅಲ್ಲಿಯ ಗೆಳೆಯನಿಗೆ ಕೊಟ್ಟು ಬಂದರು.

ಇದನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಅಂಚೆಯಲ್ಲೋ ಕೊರಿಯರ್‌ನಲ್ಲೋ ಕಳಿಸಿದರೆ ಆಗಲ್ವಾ ಅಂತ ಅತ್ತೆ ಕೇಳಿದ್ದರು. ಆ ದಾರಿ ಬಹಳ ದುಬಾರಿ. ಸ್ವಂತ ಬಳಕೆಗೆ ಪಾರ್ಸೆಲ್‌ನಲ್ಲಿ ಬರುವ ವಸ್ತುವಿಗೆ ಆಗ ಮೂಲ ಸುಂಕ 35%, ಅದರ ಮೇಲೆ 10% ಸರ್‌ಚಾರ್ಜ್, ಬೆಲೆಗೆ ಇವೆರಡನ್ನೂ ಸೇರಿಸಿದ ಮೊತ್ತದ ಮೇಲೆ 28% ಐಜಿಎಸ್‌ಟಿ. ಸಾಗಣೆ ಖರ್ಚನ್ನೂ ಬೆಲೆಗೆ ಸೇರಿಸುತ್ತಾರೆ. ಹತ್ತು ಸಾವಿರದ ವಸ್ತು ಅಂದುಕೊಳ್ಳಿ. 3,500, ಅದಕ್ಕೆ 350, ಆಮೇಲೆ 13,850ರ ಮೇಲೆ 28% ಅಂದರೆ 3,878. ಒಟ್ಟು 7,728 ರೂಪಾಯಿ ತೆರಿಗೆಗೇ ಹೋಯಿತು. ಇದು ಆಗಿನ ದರ, ಈಚೆಗೆ ಬದಲಾಗಿದೆ. ಗಿಫ್ಟ್ ಅಂತ ಬರೆದರೆ ಬಿಟ್ಟುಬಿಡುತ್ತಾರೆ ಅನ್ನುವ ಮಾತೂ ಹಳೆಯದಾಯಿತು. 2019ರ ಡಿಸೆಂಬರ್‌ನಲ್ಲೇ ಆ ಬಾಗಿಲು ಮುಚ್ಚಿದೆ. ಗಿಫ್ಟ್ ಹೆಸರಲ್ಲಿ ಅಂಚೆ, ಕೊರಿಯರ್ ಮೂಲಕ ಸುಂಕವಿಲ್ಲದೆ ತರಿಸಬಹುದಾದದ್ದು ಜೀವರಕ್ಷಕ ಔಷಧಿ ಮತ್ತು ರಾಖಿ ಮಾತ್ರ.

ವಾಪಸ್ ಬಂದು ನೆಲೆಸುವವರಿಗೆ ಕಾನೂನೇ ಕೊಟ್ಟಿರುವ ದಾರಿ ಬೇರೆ. ಅದರ ಹೆಸರು ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್, ಎಲ್ಲರ ಬಾಯಲ್ಲೂ ಟಿಆರ್. ನಾವು ಬಂದಾಗ ಇದ್ದದ್ದು 2016ರ ಬ್ಯಾಗೇಜ್ ನಿಯಮ. ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ 5 ಲಕ್ಷ ರೂಪಾಯಿವರೆಗಿನ ಮನೆ ಸಾಮಾನಿಗೆ ಸುಂಕ ಇರಲಿಲ್ಲ. ಶರತ್ತುಗಳೂ ಇದ್ದವು. ಹಿಂದಿನ ಎರಡು ವರ್ಷ ಹೊರಗೇ ಇದ್ದಿರಬೇಕು. ಆ ಎರಡು ವರ್ಷದಲ್ಲಿ ರಜೆಗೆ ಅಂತ ಭಾರತಕ್ಕೆ ಬಂದು ಇದ್ದ ದಿನಗಳು ಒಟ್ಟು ಆರು ತಿಂಗಳು ಮೀರಿರಬಾರದು. ಹಿಂದಿನ ಮೂರು ವರ್ಷದಲ್ಲಿ ಇದೇ ಸೌಲಭ್ಯ ತೆಗೆದುಕೊಂಡಿರಬಾರದು. ಈ ನಿಯಮಗಳು ಆಗಾಗ ಬದಲಾಗುತ್ತವೆ. ನೀವು ಬಂದಿಳಿಯುವ ದಿನ ಯಾವ ನಿಯಮ ಇದೆಯೋ ಅದನ್ನೇ ಓದಿಕೊಳ್ಳಿ, ನನ್ನದನ್ನಲ್ಲ.

ಆ ಆರು ತಿಂಗಳ ಶರತ್ತು ನಮ್ಮ ಮನೆಯಲ್ಲೇ ಕೆಲಸ ಮಾಡಿತು. ಮಾವನವರಿಗೆ ಹುಷಾರಿಲ್ಲದಾಗ ನನ್ನ ಗಂಡ ಬಹಳ ದಿನ ಹಾಸನದಲ್ಲೇ ಇದ್ದು ಅಲ್ಲಿಂದಲೇ ಕೆಲಸ ಮಾಡಿದ್ದರು. ಅವರ ಪಾಸ್‌ಪೋರ್ಟ್‌ನ ಮುದ್ರೆಗಳನ್ನು ಕೂಡಿಸಿದರೆ ಆರು ತಿಂಗಳು ದಾಟುತ್ತಿತ್ತು. ಇಂಥ ಸಂದರ್ಭದಲ್ಲಿ ರಿಯಾಯಿತಿ ಕೊಡುವ ಅಧಿಕಾರ ಮೇಲಿನ ಅಧಿಕಾರಿಗಳಿಗೆ ಇದೆ. ಆದರೆ ನಾನು ಆ ಎರಡು ವರ್ಷದಲ್ಲಿ ರಜೆಗೆ ಬಂದದ್ದು ಬಹಳ ಕಡಿಮೆ. ಹಾಗಾಗಿ ಟಿಆರ್ ನನ್ನ ಹೆಸರಲ್ಲೇ ಕೇಳೋಣ ಅಂತ ಮಾಡಿದೆವು. ಇದನ್ನು ಸಾಮಾನು ಕಟ್ಟುವ ಮೊದಲೇ ನಿರ್ಧರಿಸಬೇಕು. ಯಾಕೆಂದರೆ ಟಿಆರ್ ಕೇಳುವವರ ಹೆಸರು, ಹಡಗಿನ ಕಾಗದದಲ್ಲಿರುವ ಹೆಸರು, ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಮೂರೂ ಒಂದೇ ಆಗಿರಬೇಕು.

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ಊರಲ್ಲಿ ನಮ್ಮ ಹೆಸರಿನ ಮುಂದೆ ಎರಡು ಇನಿಶಿಯಲ್ ಇರುತ್ತವೆ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆಯುತ್ತಾರೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಊರಿನ ಹೆಸರು ಕೂತಿದೆ. ಜರ್ಮನಿಯಲ್ಲಿ ಆಫೀಸಿನವರೆಲ್ಲ ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಸಾಗಣೆ ಕಂಪನಿಯವರು ಬಿಲ್ ಆಫ್ ಲೇಡಿಂಗ್‌ನ ಕರಡು ಕಳಿಸಿದರು. ಹಡಗಿಗೆ ಸರಕು ಹತ್ತಿದ್ದಕ್ಕೆ ಅದೇ ಮೂಲ ಕಾಗದ. ಅದರಲ್ಲಿ ಊರಿನ ಹೆಸರು ಇತ್ತು, ನನ್ನ ಹೆಸರಿನ ಒಂದು ಅಕ್ಷರ ಇತ್ತು, ಅಪ್ಪನ ಹೆಸರು ಮಾಯ. ಪಾಸ್‌ಪೋರ್ಟ್‌ನ ಫೋಟೋ ಕಳಿಸಿ, ಅಕ್ಷರಕ್ಕೆ ಅಕ್ಷರ ಇದೇ ಥರ ಇರಬೇಕು ಅಂತ ಬರೆದೆ. ಕರಡಿನಲ್ಲಿದ್ದಾಗ ತಿದ್ದುವುದು ಒಂದು ಇಮೇಲ್ ಕೆಲಸ. ಹಡಗು ಹೊರಟ ಮೇಲಾದರೆ ತಿದ್ದುಪಡಿಗೆ ಅರ್ಜಿ, ಶುಲ್ಕ, ಕಾಯುವುದು. ಹೊರಡುವ ಮೊದಲು ಕರಡು ಕೇಳಿ ಪಡೆಯಿರಿ. ಕೇಳದಿದ್ದರೆ ಬಹಳ ಕಡೆ ಕಳಿಸೋದೇ ಇಲ್ಲ.

ಈಗ ಪಟ್ಟಿಯ ವಿಚಾರ.

ಕಂಪನಿಯವರು ಒಂದು ಪಟ್ಟಿ ಮಾಡಿಯೇ ಮಾಡುತ್ತಾರೆ. ಅವರ ಮಾದರಿ ನೋಡಿದೆ. "ಅಡುಗೆ ಸಾಮಾನು", "ಬಟ್ಟೆ", "ಇತರೆ ಗೃಹಬಳಕೆ". ಒಂದು ಡಬ್ಬಕ್ಕೆ ಒಂದು ಸಾಲು. ನಮಗಿಂತ ಮೊದಲು ವಾಪಸ್ ಬಂದ ಧಾರವಾಡದ ಅಕ್ಕ ಒಬ್ಬರು ಫೋನಿನಲ್ಲಿ ಒಂದು ಮಾತು ಹೇಳಿದ್ದರು. "ಇತರೆ ಅಂತ ಎಲ್ಲಿ ಬರದಿರ್ತೀಯೋ ಆ ಡಬ್ಬಿನ ಮೊದಲು ಒಡೀತಾರ ನೋಡವಾ." ಅವರ ಮಾತಿನಲ್ಲಿ ನ್ಯಾಯ ಇತ್ತು. ಅಧಿಕಾರಿ ಎಲ್ಲ ಡಬ್ಬ ಬಿಚ್ಚಿ ನೋಡಲು ಆಗುವುದಿಲ್ಲ. ಪಟ್ಟಿ ಎಲ್ಲಿ ಮಾತಾಡುವುದಿಲ್ಲವೋ ಅಲ್ಲಿ ಕೈ ಹಾಕುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಹಾಗಾಗಿ ನಮ್ಮದೇ ಪಟ್ಟಿ ಮಾಡಿದೆವು. ಪ್ರತಿ ಡಬ್ಬಕ್ಕೂ ಒಂದು ನಂಬರ್. ಆ ನಂಬರನ್ನು ಡಬ್ಬದ ಮೇಲ್ಭಾಗಕ್ಕೆ ಮತ್ತು ನಾಲ್ಕೂ ಪಕ್ಕಕ್ಕೆ ದಪ್ಪ ಮಾರ್ಕರ್‌ನಲ್ಲಿ ಬರೆದೆವು. ಗೋದಾಮಿನಲ್ಲಿ ಡಬ್ಬಗಳು ಒಂದರ ಮೇಲೊಂದು, ಗೋಡೆಗೆ ಒತ್ತಿ ಇರುತ್ತವೆ. ಒಂದೇ ಕಡೆ ಬರೆದ ನಂಬರ್ ಗೋಡೆ ಕಡೆಗೇ ತಿರುಗಿರುತ್ತೆ. ಪಟ್ಟಿಯಲ್ಲಿ ನಂಬರ್, ಒಳಗಿರುವ ವಸ್ತು, ಎಷ್ಟು, ಯಾವ ವರ್ಷ ಕೊಂಡದ್ದು, ಹೊಸದೋ ಬಳಸಿದ್ದೋ, ಈಗಿನ ಬೆಲೆ ಯೂರೋದಲ್ಲಿ. ಅದೇ ಸಾಲುಗಳ ಒಂದು ಪ್ರತಿ ಆಯಾ ಡಬ್ಬದ ಒಳಗೆ, ಮುಚ್ಚಳದ ಕೆಳಗೇ. ಮುಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ. ಒಂದು ಡಬ್ಬದಲ್ಲಿ ಒಂದೇ ಜಾತಿಯ ಸಾಮಾನು. ಪಾತ್ರೆಯ ಜೊತೆ ಕ್ಯಾಮೆರಾ ಇಡಬೇಡಿ, ಬಟ್ಟೆಯ ನಡುವೆ ಗಡಿಯಾರ ತುರುಕಬೇಡಿ. ಒಡೆಯಬಾರದು ಅಂತ ಬಟ್ಟೆಯಲ್ಲಿ ಸುತ್ತಿಟ್ಟದ್ದು ಕೂಡ ನೋಡುವವರ ಕಣ್ಣಿಗೆ ಬಚ್ಚಿಟ್ಟ ಹಾಗೆ ಕಾಣುತ್ತೆ.

ಬೆಲೆ ಹಾಕುವಾಗ ಇಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ಎಲ್ಲದಕ್ಕೂ ಸೊನ್ನೆ ಹಾಕಿಬಿಡೋಣ, ಹಳೇ ಸಾಮಾನು ತಾನೇ ಅಂದರು ನನ್ನ ಗಂಡ. ನಾನು ಬೇಡ ಅಂದೆ. ಸೊನ್ನೆ ಬೆಲೆಯ ವಾಷಿಂಗ್ ಮಷೀನನ್ನು ಸಾವಿರಾರು ಕಿಲೋಮೀಟರ್ ಯಾರು ಸಾಗಿಸುತ್ತಾರೆ? ಅಲ್ಲಿಯ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಂಥದ್ದೇ ವಸ್ತು ಎಷ್ಟಕ್ಕೆ ಹೋಗುತ್ತೋ ಅದನ್ನೇ ಹಾಕಿದೆವು. ಇನ್ಶೂರೆನ್ಸ್‌ಗೂ ಅದೇ ಪಟ್ಟಿ ಹೋಗುತ್ತೆ. ಕಸ್ಟಮ್ಸ್‌ಗೆ ಕಡಿಮೆ, ಇನ್ಶೂರೆನ್ಸ್‌ಗೆ ಹೆಚ್ಚು ಅಂತ ಎರಡು ಪಟ್ಟಿ ಮಾಡಿದರೆ ಅದು ಸುಳ್ಳು ಹೇಳಿದಂತೆಯೇ. ಎಲ್ಲ ಕೂಡಿಸಿದಾಗ 4,000 ಯೂರೋ ಸುಮಾರು ಬಂತು. ಆಗ ಯೂರೋಗೆ 90 ರೂಪಾಯಿ ಆಸುಪಾಸು. ಐದು ಲಕ್ಷದ ಒಳಗೇ ಇದ್ದೆವು.

ಮೇಜಿಗೆ ಮರದ ಚೌಕಟ್ಟು ಹೊಡೆದರು. ಅದರ ಮೇಲೆ ತೆನೆಯ ಚಿತ್ರ ಮತ್ತು ಎಚ್‌ಟಿ ಅನ್ನುವ ಮುದ್ರೆ ಇದೆಯಾ ಅಂತ ನಾನೇ ಬಗ್ಗಿ ನೋಡಿದೆ. ಮರವನ್ನು ಒಳಗಿನ ತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಹುಳ ಸಾಯಿಸಲಾಗಿದೆ ಅನ್ನುವುದಕ್ಕೆ ಅದೇ ಗುರುತು. ಆ ಮುದ್ರೆ ಇಲ್ಲದ ಮರದ ಪ್ಯಾಕಿಂಗ್ ಬಂದರೆ ಸಸ್ಯ ಸಂಗರೋಧದವರ (ಪ್ಲಾಂಟ್ ಕ್ವಾರಂಟೈನ್) ಹತ್ತಿರ ನಿಲ್ಲುತ್ತೆ. ಬೀಜ, ಗಿಡ, ತಿನ್ನುವ ಸಾಮಾನು ಏನನ್ನೂ ಇಡಲಿಲ್ಲ.

ಕಾಗದಗಳ ಕಡತ ಬೇರೆ ಮಾಡಿದೆ. ಪಾಸ್‌ಪೋರ್ಟ್‌ನ ಎಲ್ಲ ಪುಟಗಳ ಪ್ರತಿ, ಖಾಲಿ ಪುಟವೂ ಸೇರಿ. ಜರ್ಮನಿಯ ವಾಸದ ಪರವಾನಗಿ. ಆಫೀಸಿನವರು ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದ್ದಾರೆ ಅಂತ ಕೊಟ್ಟ ಪತ್ರ. ಮತ್ತೆ ಊರು ಬಿಡುವಾಗ ಅಲ್ಲಿಯ ನಗರ ಕಚೇರಿ ಕೊಡುವ ಆಬ್‌ಮೆಲ್ಡುಂಗ್ ಪತ್ರ. ಈ ವಿಳಾಸ ಬಿಟ್ಟು ದೇಶದ ಹೊರಗೆ ಹೋಗುತ್ತಿದ್ದಾರೆ ಅಂತ ಸರ್ಕಾರವೇ ಬರೆದುಕೊಟ್ಟ ಕಾಗದ ಅದು. ವಾಸ ಬದಲಾಯಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ದೊಡ್ಡ ವಸ್ತುಗಳ ಬಿಲ್ಲು, ಬೋರ್ಡಿಂಗ್ ಪಾಸ್ ಕೂಡ ಇಟ್ಟುಕೊಂಡೆ. ಬೆಂಗಳೂರಲ್ಲಿ ಇಳಿದಾಗ ಇಮಿಗ್ರೇಷನ್‌ನಲ್ಲಿ ಹೊಡೆದ ಮುದ್ರೆ ಸರಿಯಾಗಿ ಮೂಡಿದೆಯಾ ಅಂತ ಕೌಂಟರ್ ಬಿಡುವ ಮೊದಲೇ ನೋಡಿಕೊಂಡೆ.

ಮಾರ್ಚ್‌ನಲ್ಲಿ ಸಾಮಾನು ಲಾರಿಯಲ್ಲಿ ಹ್ಯಾಂಬರ್ಗ್ ಬಂದರಿಗೆ ಹೋಯಿತು. ಏಪ್ರಿಲ್‌ನಲ್ಲಿ ನಾವು ವಿಮಾನ ಹತ್ತಿದೆವು. ಹೀಗೆ ಪ್ರಯಾಣಿಕರಿಂದ ಬೇರೆಯಾಗಿ ಬರುವ ಸಾಮಾನಿಗೂ ಕಾಲದ ಲೆಕ್ಕ ಇದೆ. ನಾವು ಬರುವುದಕ್ಕೆ ಎರಡು ತಿಂಗಳಿಗಿಂತ ಮೊದಲೇ ಅದು ಭಾರತ ತಲುಪಿರಬಾರದು. ನಾವು ಬಂದ ಮೇಲೆ ಕಳಿಸುವುದಾದರೆ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕು. ಹೊರಟಿದ್ದರೆ ಸಾಕು, ತಲುಪುವುದು ತಡವಾದರೆ ತೊಂದರೆ ಇಲ್ಲ. ಇದು ಗೊತ್ತಿದ್ದದ್ದರಿಂದ ಮನಸ್ಸಿಗೆ ನೆಮ್ಮದಿ ಇತ್ತು. ಯಾಕೆಂದರೆ ಆ ವರ್ಷ ಎಲ್ಲ ತಡವೇ. ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದ ಕಾಲ. ದೊಡ್ಡ ಕಂಪನಿಗಳ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಬರುತ್ತಿದ್ದವು. ನಮ್ಮ ಕಂಟೇನರ್ ಇದ್ದ ಹಡಗೂ ಅದೇ ದಾರಿ ಹಿಡಿಯಿತು. ಮಗಳು ಗೋಡೆಯ ಭೂಪಟದಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಕೊಲಂಬೋದಲ್ಲಿ ಹಡಗು ಬದಲಾಗಬೇಕಿತ್ತು. ಅಲ್ಲೂ ದಟ್ಟಣೆ, ಅಲ್ಲೂ ಕಾಯಿತು.

ಇನ್ಶೂರೆನ್ಸ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಅನ್ನುವ ಹಡಗು ಸೇತುವೆಗೆ ಗುದ್ದಿ ಸೇತುವೆ ಕುಸಿದದ್ದು ನೆನಪಿರಬಹುದು. ಆ ಹಡಗೂ ಕೊಲಂಬೋಗೇ ಹೊರಟಿತ್ತು. ಆಮೇಲೆ ಅದರ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗನ್ನೂ ಸರಕನ್ನೂ ಉಳಿಸಲು ಆದ ಖರ್ಚನ್ನು ಸರಕಿನ ಮಾಲೀಕರೂ ಹಂಚಿಕೊಳ್ಳಬೇಕು ಅನ್ನುವ ಬಹಳ ಹಳೆಯ ಸಮುದ್ರ ನಿಯಮ ಅದು. ನಮ್ಮ ಡಬ್ಬಕ್ಕೆ ಏನೂ ಆಗದಿದ್ದರೂ ನಮ್ಮ ಪಾಲು ಕಟ್ಟುವವರೆಗೆ ಸರಕು ಬಿಡುವುದಿಲ್ಲ. ಇನ್ಶೂರೆನ್ಸ್ ಇದ್ದರೆ ಆ ಪಾಲನ್ನು ಅವರು ನೋಡಿಕೊಳ್ಳುತ್ತಾರೆ. ಹಳೇ ಪಾತ್ರೆಗೆ ಯಾಕೆ ಇನ್ಶೂರೆನ್ಸ್ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಇನ್ನೊಂದು ವಿಷಯ. ನಾವೇ ಕಟ್ಟಿದ ಡಬ್ಬದಲ್ಲಿ ಏನಾದರೂ ಒಡೆದರೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಗಾಜು, ಪಿಂಗಾಣಿಯನ್ನು ಕಂಪನಿಯವರ ಕೈಯಲ್ಲೇ ಕಟ್ಟಿಸಿದೆವು. ಬಟ್ಟೆ, ಪುಸ್ತಕ ನಾವು ಕಟ್ಟಿದೆವು.

ಸಾಮಾನು ಚೆನ್ನೈಗೆ ಬಂದದ್ದು ಜೂನ್‌ನಲ್ಲಿ. ಬೆಂಗಳೂರಿಗೆ ಬಂದರು ಇಲ್ಲ, ಆದರೆ ವೈಟ್‌ಫೀಲ್ಡ್‌ನಲ್ಲಿ ಒಳನಾಡು ಕಂಟೇನರ್ ಡಿಪೋ ಇದೆ, ಐಸಿಡಿ ಅನ್ನುತ್ತಾರೆ. ಚೆನ್ನೈನಿಂದ ಕಂಟೇನರ್ ಸೀಲ್ ಒಡೆಯದೆ ಅಲ್ಲಿಗೆ ಬರುತ್ತೆ, ಕಸ್ಟಮ್ಸ್ ಕೆಲಸ ಅಲ್ಲೇ ಆಗುತ್ತೆ. ನಿಮ್ಮ ಹಡಗಿನ ಕಾಗದದಲ್ಲಿ ಕೊನೆಯ ಜಾಗ ಚೆನ್ನೈ ಅಂತ ಇದ್ದರೆ ನೀವು ಚೆನ್ನೈಗೇ ಓಡಾಡಬೇಕು. ಬೆಂಗಳೂರು ಐಸಿಡಿ ಅಂತ ಮೊದಲೇ ಬರೆಸಿಕೊಳ್ಳಿ.

ಆಗ ಶುರುವಾಯಿತು ನಮ್ಮ ನಿಜವಾದ ತಲೆನೋವು. ಅದು ಕಸ್ಟಮ್ಸ್‌ನಿಂದ ಬಂದದ್ದಲ್ಲ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಂತ ಹೇಳಿ ಸಾಗಣೆ ಕಂಪನಿಯವರು ಪೂರ್ತಿ ಹಣ ತೆಗೆದುಕೊಂಡಿದ್ದರು. ಇಲ್ಲಿಯ ಅವರ ಏಜೆಂಟ್ ಕಡೆಯಿಂದ ಒಂದು ಇಮೇಲ್ ಬಂತು. ಟರ್ಮಿನಲ್ ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ, ಡಬ್ಬ ಬಿಚ್ಚುವ ಕೂಲಿ, ಕೊನೆಗೆ "ಇತರೆ ಖರ್ಚು" ಅಂತ ಒಂದು ದೊಡ್ಡ ಮೊತ್ತ. ತಕ್ಷಣ ಕಟ್ಟದಿದ್ದರೆ ದಿನಕ್ಕಿಷ್ಟು ಅಂತ ಗೋದಾಮಿನ ಬಾಡಿಗೆ ಬೀಳುತ್ತೆ ಅನ್ನುವ ಎಚ್ಚರಿಕೆ ಬೇರೆ. ಬಾಡಿಗೆಯ ಮಾತು ಸುಳ್ಳಲ್ಲ. ಉಚಿತ ದಿನಗಳು ಕೆಲವೇ ಇರುತ್ತವೆ, ಆಮೇಲೆ ಮೀಟರ್ ಓಡುತ್ತೆ. ಆ ಹೆದರಿಕೆಯಲ್ಲೇ ಜನ ಕೇಳಿದ್ದಷ್ಟು ಕೊಟ್ಟುಬಿಡುತ್ತಾರೆ.

ಫೋನ್ ಮಾಡಿದೆ. "ಇತರೆ ಖರ್ಚು ಅಂದರೆ ಏನು ಸಾರ್?"

"ಅದೆಲ್ಲಾ ಇರುತ್ತೆ ಮೇಡಂ. ಕೆಲಸ ಸಲೀಸಾಗಿ ಆಗ್ಬೇಕಲ್ವಾ?"

"ಸರಿ, ಕೊಡ್ತೀನಿ. ಯಾರಿಗೆ, ಯಾತಕ್ಕೆ ಅಂತ ಜಿಎಸ್‌ಟಿ ಬಿಲ್ಲಿನಲ್ಲಿ ಬರೆದು ಕಳಿಸಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂದ ಬಿಲ್ಲಿನಲ್ಲಿ ಆ ಸಾಲೇ ಇರಲಿಲ್ಲ. ಜರ್ಮನಿಯ ಒಪ್ಪಂದದಲ್ಲಿ ಏನೇನು ಸೇರಿದೆ ಅಂತ ಬರೆದಿದ್ದ ಪುಟವನ್ನೂ ಕಳಿಸಿದ್ದೆ. ಟರ್ಮಿನಲ್ ಶುಲ್ಕವೂ ಹೋಯಿತು. ಉಳಿದದ್ದಕ್ಕೆ ರಸೀದಿ ಬಂತು, ಕಟ್ಟಿದೆವು. ದಯವಿಟ್ಟು ಇದೊಂದು ಮಾಡಿ. ರಸೀದಿ ಕೇಳಿ. ಜಗಳ ಬೇಡ, ದನಿ ಏರಿಸುವುದೂ ಬೇಡ. ಹೊಸದಾಗಿ ಊರಿಗೆ ಬಂದು, ಮನೆ, ಶಾಲೆ, ಗ್ಯಾಸ್ ಅಂತ ಒದ್ದಾಡುತ್ತಿರುವವರನ್ನು ಹೀಗೆ ಹಿಂಡುವುದು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ತಪಾಸಣೆಯ ದಿನ ನಾನೇ ಹೋದೆ. ಅಧಿಕಾರ ಪತ್ರ ಕೊಟ್ಟು ಏಜೆಂಟರನ್ನೇ ಕಳಿಸಬಹುದು. ಆದರೆ ಡಬ್ಬದಲ್ಲಿ ಏನಿದೆ ಅಂತ ಕೇಳಿದರೆ ಅವರಿಗೇನು ಗೊತ್ತು? ನೇರಳೆ ಮೆಟ್ರೋದಲ್ಲಿ ಕಾಡುಗೋಡಿಗೆ ಹೋಗಿ ಅಲ್ಲಿಂದ ಆಟೋ ಹಿಡಿದೆ. ಮೂಲ ಪಾಸ್‌ಪೋರ್ಟ್ ಕೈಯಲ್ಲಿತ್ತು. ಕಸ್ಟಮ್ಸ್ ಕಾಗದದ ಕೆಲಸ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟ್ ಕಡೆಯ ಹುಡುಗ ಗೇಟಿನಲ್ಲಿ ಸಿಕ್ಕಿ ಒಳಗೆ ಕರೆದುಕೊಂಡು ಹೋದ. ಬಹಳ ಚುರುಕು ಹುಡುಗ. ಬ್ಯಾಗೇಜ್ ಡಿಕ್ಲರೇಷನ್ ಫಾರಂ ತುಂಬಿಸಿ ಇಟ್ಟಿದ್ದ, ನಾನು ಸಹಿ ಹಾಕಿದೆ. ಓದಿಯೇ ಹಾಕಿದೆ.

ಅಧಿಕಾರಿ ಮೊದಲು ಪಾಸ್‌ಪೋರ್ಟ್ ತೆಗೆದುಕೊಂಡರು. ಒಂದೊಂದೇ ಮುದ್ರೆ ನೋಡುತ್ತಾ ಪೆನ್ಸಿಲ್‌ನಲ್ಲಿ ಪಕ್ಕದ ಹಾಳೆಯ ಮೇಲೆ ದಿನ ಕೂಡಿಸಿದರು. ನಾನು ಮಾಡಿಟ್ಟಿದ್ದ ಬಂದ ದಿನ, ಹೋದ ದಿನದ ಪಟ್ಟಿ ಕೊಟ್ಟೆ. ಎರಡೂ ತಾಳೆಯಾಯಿತು. ಆಬ್‌ಮೆಲ್ಡುಂಗ್ ಪತ್ರ ನೋಡಿ "ಇದೇನ್ ಮೇಡಂ, ಜರ್ಮನ್ನಾ?" ಅಂದರು. ಜೊತೆಗೆ ಪಿನ್ ಮಾಡಿದ್ದ ಇಂಗ್ಲಿಷ್ ಅನುವಾದ ಓದಿ ತಲೆಯಾಡಿಸಿದರು. ಆಮೇಲೆ ನಮ್ಮ ಪಟ್ಟಿ ಹಿಡಿದು ಗೋದಾಮಿಗೆ ಹೊರಟರು.

ಅಲ್ಲಿ ಶೆಕೆ, ಧೂಳು, ಫೋರ್ಕ್‌ಲಿಫ್ಟ್ ಸದ್ದು. ನಮ್ಮ ಡಬ್ಬಗಳ ರಾಶಿಯ ಪಕ್ಕದಲ್ಲಿ ಇನ್ನೊಂದು ಕುಟುಂಬದ ಸಾಮಾನು ಇತ್ತು. ಅವರ ಪಟ್ಟಿಯಲ್ಲಿ ಪುಟದ ತುಂಬಾ "ಗೃಹಬಳಕೆ ವಸ್ತು" ಅಂತಲೇ ಇತ್ತು. ಅವರ ಡಬ್ಬಗಳು ಒಂದಾದ ಮೇಲೊಂದು ಬಿಚ್ಚಿಕೊಳ್ಳುತ್ತಿದ್ದವು. ವಯಸ್ಸಾದ ಅಪ್ಪ ಒಬ್ಬರು ಮಗನ ಪರವಾಗಿ ಬಂದಿದ್ದರು. ಯಾವ ಡಬ್ಬದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ, ಪಾಪ. ಒಂದು ಸ್ಟೂಲ್ ಹುಡುಕಿ ಕೂರಿಸಿದೆವು.

ನಮ್ಮ ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟು "ಹದಿನೇಳು" ಅಂದರು. ಲೋಡರ್ ಅಣ್ಣ ನಂಬರ್ ನೋಡಿ ನೇರವಾಗಿ ಅದನ್ನೇ ಎಳೆದ. ಟೇಪ್ ಕೊಯ್ದ. ಮುಚ್ಚಳದ ಕೆಳಗೆ ನಮ್ಮ ಚೀಟಿ. ಅಧಿಕಾರಿ ಚೀಟಿ ಓದಿದರು: ಹೊಲಿಗೆ ಯಂತ್ರ 1, ಬಳಸಿದ್ದು, 2021ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, 40 ಯೂರೋ. ಬಾಬಿನ್ ಡಬ್ಬಿ 1. ಕತ್ತರಿ 2. ಹೊದಿಕೆ ಸರಿಸಿದರು. ಹಸಿರು ಬಣ್ಣದ ಹಳೆಯ ಯಂತ್ರ, ಚಕ್ರದ ಪಕ್ಕದಲ್ಲಿ ಬಣ್ಣ ಸವೆದಿದೆ, ಸೂಜಿಯಲ್ಲಿ ನಾನು ಕೊನೆಯ ಸಲ ಹಾಕಿದ ಬಿಳಿ ದಾರ ಹಾಗೇ ಇದೆ. ಬಾಬಿನ್ ಡಬ್ಬಿ ತೆರೆದು ನೋಡಿದರು, ಮುಚ್ಚಿದರು. ಕತ್ತರಿ ಎಣಿಸಿದರು. "ಸರಿ ಇದೆ, ಮುಚ್ಚಪ್ಪ" ಅಂದರು. ಇನ್ನು ಒಂದೆರಡು ಡಬ್ಬ ಅವರೇ ಆರಿಸಿ ತೆಗೆಸಿದರು, ಪುಸ್ತಕ ಮತ್ತು ಆಟದ ಸಾಮಾನು. ಎಲ್ಲೂ ಚೀಟಿಗೂ ಒಳಗಿದ್ದದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಅಷ್ಟಕ್ಕೆ ಡಬ್ಬ ಬಿಚ್ಚುವುದು ನಿಂತಿತು.

ವಾಷಿಂಗ್ ಮಷೀನ್‌ಗೆ ಆಗ ಟಿಆರ್‌ನಲ್ಲಿ ಸುಂಕ ಇರಲಿಲ್ಲ. ಕುಟುಂಬಕ್ಕೆ ಒಂದು ತರಬಹುದಿತ್ತು. ಡಿಶ್‌ವಾಷರ್‌ಗೆ ಇತ್ತು. 300 ಲೀಟರ್‌ಗಿಂತ ದೊಡ್ಡ ಫ್ರಿಜ್, ಡೀಪ್ ಫ್ರೀಜರ್, ಹೋಮ್ ಥಿಯೇಟರ್ ಇವೂ ಅದರ ಜೊತೆಗೇ ಬರುತ್ತಿದ್ದವು. ಇವಕ್ಕೆ ಟಿಆರ್‌ನಲ್ಲಿ ಆಗ 15% ರಿಯಾಯಿತಿ ಸುಂಕ, ಅದರ ಮೇಲೆ 10% ಸರ್‌ಚಾರ್ಜ್, ಒಟ್ಟು 16.5%. ಟಿಆರ್ ಇಲ್ಲದಿದ್ದರೆ ಬ್ಯಾಗೇಜ್ ಸುಂಕ 38.5% ಇತ್ತು. ಡಿಶ್‌ವಾಷರ್‌ನ 2021ರ ಬಿಲ್ಲು ತೋರಿಸಿದೆ, 549 ಯೂರೋ. ಬಾಗಿಲ ಅಂಚಿನ ತಗಡಿನಲ್ಲಿ ಕೆತ್ತಿದ್ದ ಮಾದರಿ ನಂಬರ್ ಬಿಲ್ಲಿನ ನಂಬರ್‌ಗೆ ಹೊಂದುತ್ತಾ ಅಂತ ಅವರು ಟಾರ್ಚ್ ಹಾಕಿ ನೋಡಿದರು. ಇಷ್ಟು ವರ್ಷ ಬಳಸಿದ್ದಕ್ಕೆ ಸವಕಳಿ ಕಳೆದು 25,000 ರೂಪಾಯಿ ಅಂತ ಬೆಲೆ ಕಟ್ಟಿದರು. ಸುಂಕ 3,750, ಸರ್‌ಚಾರ್ಜ್ 375. ಚಲನ್ ಬಂತು, ಕಟ್ಟಿದೆ. ಬಿಲ್ಲು ಇಲ್ಲದಿದ್ದರೆ ಇಂಟರ್ನೆಟ್‌ನಲ್ಲಿ ಸಿಗುವ ಹೊಸದರ ಬೆಲೆಯ ಮೇಲೆ ಮಾತು ಶುರುವಾಗುತ್ತಿತ್ತು.

ಸಾಮಾನು ಬಿಡಬಹುದು ಅನ್ನುವ ಔಟ್ ಆಫ್ ಚಾರ್ಜ್ ಆದೇಶ, ಗೇಟ್ ಪಾಸ್, ಲಾರಿ. ಇದೆಲ್ಲ ಏಜೆಂಟ್ ಹುಡುಗ ಮಾಡಿದ. ಪಕ್ಕದ ಕುಟುಂಬದ ಆ ಅಪ್ಪ ಇನ್ನೂ ಕೂತೇ ಇದ್ದರು. ಅವರ ಮಗನಿಗೆ ನನ್ನ ಫೋನಿಂದಲೇ ವಿಡಿಯೋ ಕರೆ ಮಾಡಿಸಿದೆ. ಮಗ ಆ ಕಡೆಯಿಂದ ಡಬ್ಬ ನೋಡಿ ನೋಡಿ ಹೇಳುತ್ತಾ ಹೋದ, ಕೆಲಸ ಸ್ವಲ್ಪ ಚುರುಕಾಯಿತು.

ಮನೆಗೆ ಬಂದ ಮೇಲೆ ಲಾರಿಯವರ ಸಹಿ ಕಾಗದಕ್ಕೆ ಸಹಿ ಹಾಕುವ ಮೊದಲು ಹೊರಗಿನಿಂದ ಜಜ್ಜಿದಂತೆ ಕಂಡ ಡಬ್ಬಗಳ ನಂಬರ್ ಅದರ ಮೇಲೇ ಬರೆದೆ. ಒಂದರಲ್ಲಿ ಎರಕದ ಪಾತ್ರೆಯ ಗಾಜಿನ ಮುಚ್ಚಳ ಒಡೆದಿತ್ತು. ಅದು ಕಂಪನಿಯವರೇ ಕಟ್ಟಿದ ಡಬ್ಬ. ಕಟ್ಟುವಾಗಿನ ಫೋಟೋ, ಬಿಚ್ಚಿದಾಗಿನ ಫೋಟೋ, ಲಾರಿ ಕಾಗದದ ಪ್ರತಿ, ಪಟ್ಟಿಯ ಆ ಸಾಲು, ನಾಲ್ಕನ್ನೂ ಇನ್ಶೂರೆನ್ಸ್‌ಗೆ ಕಳಿಸಿದೆ. ಸಣ್ಣ ಮೊತ್ತ, ಆದರೂ ಹಣ ಬಂತು. ಪುಸ್ತಕದ ಡಬ್ಬಗಳಲ್ಲಿ ತೇವ ಹೀರುವ ಪೊಟ್ಟಣ ಹಾಕಿದ್ದರಿಂದ ಅಷ್ಟು ದಿನ ಸಮುದ್ರದಲ್ಲಿದ್ದರೂ ಬೂಸ್ಟು ಬಂದಿರಲಿಲ್ಲ. ಡಿಶ್‌ವಾಷರ್‌ಗೆ ಇಲ್ಲಿಯ ಎಲೆಕ್ಟ್ರಿಷಿಯನ್ 16 ಆಂಪ್ಸ್ ಪ್ಲಗ್ ಹಾಕಿಕೊಟ್ಟರು. ನಮ್ಮ ಬೋರ್‌ವೆಲ್ ನೀರು ಗಡಸು, ಹಾಗಾಗಿ ನೀರು ಮೆದು ಮಾಡಲು ಅದರೊಳಗಿರುವ ಉಪ್ಪಿನ ಡಬ್ಬಿಯನ್ನು ಸ್ಟುಟ್‌ಗಾರ್ಟ್‌ಗಿಂತ ಬೇಗ ಬೇಗ ತುಂಬಬೇಕು.

ನಮ್ಮ ಪಟ್ಟಿಯ ಖಾಲಿ ನಮೂನೆಯನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಈಗ ಧಾರವಾಡದ ಅಕ್ಕನ ತಂಗಿಯ ಕುಟುಂಬ ಮ್ಯೂನಿಕ್‌ನಿಂದ ಹೊರಡುತ್ತಿದೆ, ಅವರಿಗೆ ಕಳಿಸಿದ್ದೇನೆ. "ಬಿಲ್ ಆಫ್ ಲೇಡಿಂಗ್‌ನಾಗ ಯಾರ ಹೆಸರು ಹಾಕ್ಲಿ?" ಅಂತ ಅವರ ಪ್ರಶ್ನೆ ಬಂದಿದೆ. ಇಬ್ಬರ ಪಾಸ್‌ಪೋರ್ಟ್ ಮುದ್ರೆಗಳನ್ನೂ ಮೊದಲು ಕೂಡಿಸಿ ನೋಡಿ ಅಂತ ಬರೆದಿದ್ದೇನೆ.